ಪರೀಕ್ಷಾರ್ಥ ಬ್ರೌಸರ್ ಮತ್ತು ಪಂಚಾಯತಿ ಕಚೇರಿಯ ನಿತ್ಯದ ಕೆಲಸ

(ಕೆರೂರ ಭಾಗದ ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಲೆಕ್ಕಪತ್ರಗಳು ಕಪಾಟಿನಲ್ಲಿದ್ದ ಕಾಲದಲ್ಲಿ ಅವುಗಳ ಸುರಕ್ಷತೆಯ ಪ್ರಶ್ನೆ ಸರಳವಾಗಿತ್ತು. ಕಪಾಟಿಗೆ ಬೀಗ ಬಿದ್ದಿದೆಯೇ, ಕೀಲಿಕೈ ಯಾರ ಬಳಿ ಇದೆ, ಕಿರ್ದಿ ಪುಸ್ತಕದ ಪುಟಗಳಿಗೆ ಸಂಖ್ಯೆ ಹಾಕಲಾಗಿದೆಯೇ ಎಂದು ಕೇಳಿದರೆ ಸಾಕಾಗುತ್ತಿತ್ತು. ಇಂದು ಆಸ್ತಿಯ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತು ತಂತ್ರಾಂಶದಿಂದ ಬರುತ್ತವೆ. ಪಂಚಾಯತಿಯ ಜಮಾ-ಖರ್ಚು ಪಂಚತಂತ್ರದಲ್ಲಿದೆ. ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆ ಹಾಗೂ ಪಾವತಿ 2020ರ ಏಪ್ರಿಲ್ 24ರಂದು ಆರಂಭಗೊಂಡ ಇ-ಗ್ರಾಮ್ ಸ್ವರಾಜ್ ಮೂಲಕ ನಡೆಯುತ್ತದೆ. ನರೇಗಾ ಕೂಲಿಯ ಪಾವತಿ ಆದೇಶಕ್ಕೂ ಡಿಜಿಟಲ್ ಸಹಿ ಬೀಳಬೇಕು. ಈ ಎಲ್ಲ ಕೆಲಸಗಳಿಗೂ ಕಚೇರಿಯ ಗಣಕಯಂತ್ರದಲ್ಲಿ ಇರುವ ಬಾಗಿಲು ಒಂದೇ, ಅದು ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಂಬ ಹೆಸರುಗಳನ್ನು ಸದಸ್ಯರು ಕೇಳಿರುತ್ತಾರೆ. ಆದರೆ ಕಚೇರಿಯಲ್ಲಿ ಆ ಬ್ರೌಸರಿನ ಯಾವ ಆವೃತ್ತಿ ಇದೆ, ಅದು ಸಾರ್ವಜನಿಕ ಬಳಕೆಗೆ ಬಿಡುಗಡೆಯಾದದ್ದೋ ಅಥವಾ ಇನ್ನೂ ಪರೀಕ್ಷೆಯ ಹಂತದಲ್ಲಿರುವುದೋ ಎಂಬ ಪ್ರಶ್ನೆಯನ್ನು ಸಾಮಾನ್ಯ ಸಭೆಯಲ್ಲಿ ಕೇಳುವವರು ವಿರಳ. ಇಂದಿನ ವಿಷಯ ಅದೇ ಆಗಿದೆ.

ಬ್ರೌಸರ್ ತಯಾರಿಸುವ ಸಂಸ್ಥೆಗಳು ಒಂದೇ ತಂತ್ರಾಂಶವನ್ನು ಏಕಕಾಲಕ್ಕೆ ಹಲವು ಹಂತಗಳಲ್ಲಿ ಹೊರಬಿಡುತ್ತವೆ. ಕ್ರೋಮಿನಲ್ಲಿ ಕ್ಯಾನರಿ, ಡೆವ್, ಬೀಟಾ, ಸ್ಟೇಬಲ್ ಎಂಬ ನಾಲ್ಕು ಹಂತಗಳಿವೆ. ಫೈರ್‌ಫಾಕ್ಸಿನಲ್ಲಿ ನೈಟ್ಲಿ, ಬೀಟಾ ಮತ್ತು ಸಾಮಾನ್ಯ ಬಿಡುಗಡೆ ಇದ್ದು, ಕಚೇರಿಗಳಿಗೆಂದೇ ದೀರ್ಘಾವಧಿ ಬೆಂಬಲದ ಇಎಸ್‌ಆರ್ ಎಂಬ ಪ್ರತ್ಯೇಕ ಆವೃತ್ತಿಯೂ ಇದೆ. ಎಡ್ಜ್ ಸಹ ಇದೇ ಕ್ರಮದಲ್ಲಿ ನಡೆಯುತ್ತದೆ. ಇವುಗಳ ಪೈಕಿ ಸ್ಟೇಬಲ್, ಅಂದರೆ ಸ್ಥಿರ ಆವೃತ್ತಿ, ಮಾತ್ರ ಜನಸಾಮಾನ್ಯರ ನಿತ್ಯದ ಕೆಲಸಕ್ಕಾಗಿ ಸಿದ್ಧಪಡಿಸಿದ್ದು. ಉಳಿದವು ಪರೀಕ್ಷಾರ್ಥ ಆವೃತ್ತಿಗಳು. ಕ್ಯಾನರಿ ಹೆಚ್ಚುಕಡಿಮೆ ಪ್ರತಿದಿನ ಬದಲಾಗುತ್ತದೆ, ಮತ್ತು ಅದು ಕೆಲವೊಮ್ಮೆ ಸಂಪೂರ್ಣವಾಗಿ ಕೆಟ್ಟು ನಿಲ್ಲಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಆ ಹೆಸರಿಗೂ ಒಂದು ಹಿನ್ನೆಲೆಯುಂಟು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರು ಕ್ಯಾನರಿ ಎಂಬ ಪುಟ್ಟ ಹಳದಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ವಿಷಾನಿಲ ತುಂಬಿದರೆ ಮೊದಲು ಬೀಳುತ್ತಿದ್ದುದು ಆ ಹಕ್ಕಿ. ಅದನ್ನು ಕಂಡು ಮನುಷ್ಯರು ಹೊರಗೆ ಓಡುತ್ತಿದ್ದರು. 1986ರವರೆಗೂ ಅಲ್ಲಿ ಈ ಪದ್ಧತಿ ಉಳಿದಿತ್ತು. ಪರೀಕ್ಷಾರ್ಥ ಬ್ರೌಸರ್ ಬಳಸುವವರ ಸ್ಥಾನ ಆ ಹಕ್ಕಿಯದು ಎಂಬುದನ್ನು ಹೆಸರೇ ಸಾರುತ್ತಿದೆ.

ಬದಾಮಿ ತಾಲೂಕಿನ ಎರೆಭೂಮಿಯ ರೈತರಿಗೆ ಈ ವಿಷಯ ಬೇರೆ ರೀತಿಯಲ್ಲಿ ಪರಿಚಿತವಾಗಿಯೇ ಇದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಹೊಸ ಜೋಳದ ತಳಿ ಸಿದ್ಧವಾದರೆ ಅದು ಮೊದಲು ಪ್ರಯೋಗದ ತಾಕುಗಳಲ್ಲಿ, ಅನಂತರ ಹಲವು ಊರುಗಳ ಹೊಲಗಳಲ್ಲಿ ಕೆಲವು ವರ್ಷ ಪರೀಕ್ಷೆಗೆ ಒಳಗಾಗುತ್ತದೆ. ತೆನೆ ಕಟ್ಟುವುದೇ, ಕಾಡಿಗೆ ರೋಗ ತಡೆಯುವುದೇ, ದನಕ್ಕೆ ಕಣಿಕೆ ಸಿಗುವುದೇ ಎಂದು ನೋಡಿದ ಮೇಲೆಯೇ ಅದಕ್ಕೆ ಬಿಡುಗಡೆಯ ಮುದ್ರೆ. ಪ್ರಯೋಗದ ಬೀಜವನ್ನು ಒಂದು ಮೂಲೆಯಲ್ಲಿ ಬಿತ್ತಿ ನೋಡುವ ಉತ್ಸಾಹಿ ರೈತರು ಇದ್ದಾರೆ, ಇರಲೂ ಬೇಕು. ಆದರೆ ಮಾಲದಂಡಿ ಬಿತ್ತುವ ಎಂಟು ಎಕರೆಯನ್ನೂ ಬಿಡುಗಡೆಯಾಗದ ಬೀಜಕ್ಕೆ ಒಪ್ಪಿಸಿ ವರ್ಷದ ರೊಟ್ಟಿಯನ್ನು ಪಣಕ್ಕಿಡುವ ರೈತನು ಕಾಣಸಿಗುವುದಿಲ್ಲ.

ಹಾಗಾದರೆ ಪರೀಕ್ಷಾರ್ಥ ಬ್ರೌಸರ್ ಪಂಚಾಯತಿ ಕಚೇರಿಗೆ ಹೇಗೆ ಬರುತ್ತದೆ? ಆದೇಶದ ಮೂಲಕ ಬರುವುದಿಲ್ಲ. ಒಂದು ದಿನ ಜಾಲತಾಣ ತೆರೆಯುವುದಿಲ್ಲ, ಎದುರಿಗೆ ಜನ ನಿಂತಿರುತ್ತಾರೆ, ಡಾಟಾ ಎಂಟ್ರಿ ಆಪರೇಟರ್ ಬೇರೊಂದು ಬ್ರೌಸರ್ ಹುಡುಕಿ ಇಳಿಸಿಕೊಳ್ಳುತ್ತಾರೆ. ಅದರಲ್ಲಿ ಪುಟ ತೆರೆಯುತ್ತದೆ, ಅದೇ ಖಾಯಂ ಆಗುತ್ತದೆ. ಇನ್ನೊಮ್ಮೆ ಯಂತ್ರವನ್ನು ರಿಪೇರಿಗೆಂದು ಅಂಗಡಿಗೆ ಒಯ್ದಾಗ ಅಲ್ಲಿನ ಹುಡುಗನು ತನಗೆ ಪ್ರಿಯವಾದ ಹೊಸ ಆವೃತ್ತಿಯನ್ನು ಹಾಕಿ ಕಳುಹಿಸಿರುತ್ತಾನೆ. ಇವರಲ್ಲಿ ಯಾರ ಉದ್ದೇಶವೂ ಕೆಟ್ಟದ್ದಲ್ಲ. ನಿಜವಾಗಿ ಕೆಟ್ಟ ಉದ್ದೇಶದಿಂದ ಬರುವ ದಾರಿಯೊಂದು ಇದೆ. ಯಾವುದೋ ಪುಟ ನೋಡುತ್ತಿರುವಾಗ ಬ್ರೌಸರ್ ಹಳೆಯದಾಗಿದೆ, ಕೂಡಲೇ ನವೀಕರಿಸಿ ಎಂಬ ಫಲಕ ಪರದೆಯ ಮೇಲೆ ಮೂಡುತ್ತದೆ. ಅದನ್ನು ಒತ್ತಿದರೆ ಬರುವುದು ಬ್ರೌಸರ್ ಅಲ್ಲ, ಗುಪ್ತಪದ ಕದಿಯುವ ತಂತ್ರಾಂಶ. ಹೊಸದೆಂದರೆ ಒಳ್ಳೆಯದೆಂಬ ನಂಬಿಕೆ ಬೇರೂರಿದ ಕಚೇರಿಯಲ್ಲಿ ಈ ಮೋಸ ಸುಲಭವಾಗಿ ನಡೆಯುತ್ತದೆ.

ಇನ್ನು ತೊಂದರೆಯ ಸ್ವರೂಪವನ್ನು ನೋಡಬೇಕು. ಸರ್ಕಾರಿ ಜಾಲತಾಣಗಳು ನಿಧಾನವಾಗಿ ಬದಲಾಗುತ್ತವೆ, ಬ್ರೌಸರ್‌ಗಳು ವೇಗವಾಗಿ ಬದಲಾಗುತ್ತವೆ. 2021ರ ಸೆಪ್ಟೆಂಬರಿನಲ್ಲಿ ಕ್ರೋಮ್ ತನ್ನ ಬಿಡುಗಡೆಯ ಅಂತರವನ್ನು ಆರು ವಾರಗಳಿಂದ ನಾಲ್ಕು ವಾರಗಳಿಗೆ ಇಳಿಸಿತು. ಈ ಎರಡು ವೇಗಗಳ ನಡುವಿನ ಬಿರುಕಿನಲ್ಲಿ ಸಿಕ್ಕಿಬೀಳುವುದು ಡಿಜಿಟಲ್ ಸಹಿ. ಹಿಂದೆ ಅನೇಕ ಜಾಲತಾಣಗಳಲ್ಲಿ ಸಹಿ ಹಾಕಲು ಬ್ರೌಸರಿನೊಳಗೆ ಜಾವಾ ಎಂಬ ಸಹಾಯಕ ತಂತ್ರಾಂಶ ಬೇಕಾಗಿತ್ತು. ಸುರಕ್ಷತೆಯ ಕಾರಣದಿಂದ ಕ್ರೋಮ್ ಆ ಬಗೆಯ ಸಹಾಯಕಗಳನ್ನು 2015ರ ಸೆಪ್ಟೆಂಬರಿನ 45ನೇ ಆವೃತ್ತಿಯಲ್ಲಿ ಪೂರ್ಣವಾಗಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚಿನ 52ನೇ ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿ ಹೊಂದಿತು. ಅದಕ್ಕಾಗಿಯೇ ಕಟ್ಟಿದ ಹಳೆಯ ಪುಟಗಳಿಗೆಂದು ಎಡ್ಜ್ ಬ್ರೌಸರಿನಲ್ಲಿ ಒಂದು ವಿಶೇಷ ಕ್ರಮವನ್ನು ಉಳಿಸಲಾಗಿದೆ. ಪ್ರತಿ ಬಾರಿಯೂ ಕಚೇರಿಗಳಲ್ಲಿ ಕೆಲಕಾಲ ಸಹಿ ನಿಂತು, ಎಷ್ಟೋ ಕಡೆ ಹಳೆಯ ಬ್ರೌಸರನ್ನು ನವೀಕರಿಸದೆ ಹಾಗೆಯೇ ಹಿಡಿದಿಟ್ಟುಕೊಂಡು ಕೆಲಸ ಸಾಗಿಸಬೇಕಾಯಿತು.

ಇಂದು ಬಹುಪಾಲು ಜಾಲತಾಣಗಳಲ್ಲಿ ಸಹಿಯ ಕೆಲಸವನ್ನು ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ಅಳವಡಿಸಿದ ಒಂದು ಸಣ್ಣ ತಂತ್ರಾಂಶ ಮಾಡುತ್ತದೆ. ಜಾಲತಾಣವು ಬ್ರೌಸರಿನ ಮೂಲಕ ಆ ತಂತ್ರಾಂಶವನ್ನು ಕರೆಯುತ್ತದೆ, ಅದು ಡಾಂಗಲ್‌ನಲ್ಲಿರುವ ಸಹಿಯನ್ನು ತಂದುಕೊಡುತ್ತದೆ. ಹೊರಗಿನ ಜಾಲತಾಣವು ಹೀಗೆ ಯಂತ್ರದ ಒಳಗಿನ ತಂತ್ರಾಂಶವನ್ನು ಕರೆಯುವುದು ಕಳ್ಳರಿಗೂ ಅನುಕೂಲಕರವಾದ್ದರಿಂದ ಬ್ರೌಸರ್ ತಯಾರಕರು ಅದಕ್ಕೆ ಕಡಿವಾಣ ಹಾಕುತ್ತಿದ್ದಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಬಂದ ಕ್ರೋಮ್ 142ರಲ್ಲಿ ಇಂತಹ ಸಂಪರ್ಕಕ್ಕೆ ಮೊದಲು ಬಳಕೆದಾರರ ಅನುಮತಿ ಕೇಳುವ ವ್ಯವಸ್ಥೆ ಜಾರಿಗೆ ಬಂತು. ಸ್ಥಿರ ಆವೃತ್ತಿಗೆ ಬರುವ ಮೊದಲು ಈ ಬದಲಾವಣೆ ತಿಂಗಳುಗಟ್ಟಲೆ ಪರೀಕ್ಷೆಯಲ್ಲಿತ್ತು. ಪರೀಕ್ಷೆಯ ಅವಧಿಯು ಇರುವುದೇ ಜಾಲತಾಣದವರು ತಮ್ಮ ಪುಟಗಳನ್ನು ಸರಿಪಡಿಸಿಕೊಳ್ಳಲಿ ಎಂದು. ಆ ಅವಧಿಯಲ್ಲಿಯೇ ಪರೀಕ್ಷಾರ್ಥ ಆವೃತ್ತಿಯಲ್ಲಿ ಕುಳಿತು ಪಾವತಿಗೆ ಸಹಿ ಹಾಕಹೊರಟ ಪಂಚಾಯತಿಗೆ ಸಹಿ ಏಕೆ ಬೀಳುತ್ತಿಲ್ಲವೆಂದು ತಿಳಿಯುವುದಿಲ್ಲ. ಸಹಾಯವಾಣಿಗೆ ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಅವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುತ್ತದೆ.

ಕೆಲವೊಮ್ಮೆ ಕಾರಣ ನಗು ತರಿಸುವಷ್ಟು ಚಿಕ್ಕದಾಗಿರುತ್ತದೆ. 2022ರ ಮಾರ್ಚಿನಲ್ಲಿ ಕ್ರೋಮ್, ಮೇ ತಿಂಗಳಲ್ಲಿ ಫೈರ್‌ಫಾಕ್ಸ್ ನೂರನೆಯ ಆವೃತ್ತಿಯನ್ನು ತಲುಪಿದವು. ಆವೃತ್ತಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ಮಾತ್ರ ಓದುವ ಜಾಲತಾಣಗಳಿಗೆ 100 ಎಂಬುದು 10 ಎಂದು ಕಂಡು, ಬ್ರೌಸರ್ ತೀರ ಹಳೆಯದೆಂದು ಅವು ಬಾಗಿಲು ಹಾಕಿಕೊಳ್ಳುವ ಸಂಭವವಿತ್ತು. ಎರಡೂ ಸಂಸ್ಥೆಗಳು ಇದನ್ನು ಮುಂಚಿತವಾಗಿಯೇ ಪರೀಕ್ಷಾರ್ಥ ಆವೃತ್ತಿಗಳಲ್ಲಿ ಪರಿಶೀಲಿಸಿ, ತೊಂದರೆಗೊಳಗಾದ ಜಾಲತಾಣಗಳನ್ನು ಗುರುತಿಸಿದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ಪರೀಕ್ಷೆಯ ಪ್ರಯೋಜನವೂ, ಪರೀಕ್ಷೆಯಲ್ಲಿ ಸಿಕ್ಕಿಕೊಂಡವರ ಪಾಡೂ ಈ ಒಂದೇ ಪ್ರಕರಣದಲ್ಲಿ ಕಾಣುತ್ತದೆ.

ಪುಟ ತೆರೆಯದೇ ಹೋದರೆ ಕೆಲಸ ನಿಲ್ಲುತ್ತದೆ ಅಷ್ಟೇ. ಅದಕ್ಕಿಂತ ಅಪಾಯಕಾರಿಯಾದದ್ದು ಅರ್ಧ ಕೆಲಸ ಮಾಡುವ ಬ್ರೌಸರ್. ಪಾವತಿಯ ಪುಟದಲ್ಲಿ ಗುಂಡಿ ಒತ್ತಿದಾಗ ಕೋರಿಕೆ ಕೇಂದ್ರದ ಸರ್ವರ್‌ಗೆ ತಲುಪಿರುತ್ತದೆ, ಆದರೆ ಮರಳಿ ಬಂದ ಉತ್ತರವನ್ನು ತೋರಿಸುವಲ್ಲಿ ಬ್ರೌಸರ್ ಸೋಲುತ್ತದೆ. ಪರದೆ ಬಿಳಿಯಾಗಿ ನಿಲ್ಲುತ್ತದೆ. ಆಪರೇಟರ್ ಮತ್ತೊಮ್ಮೆ ಒತ್ತುತ್ತಾರೆ. ಜಾಲತಾಣದಲ್ಲಿ ಅದಕ್ಕೆ ತಡೆ ಇಲ್ಲದಿದ್ದರೆ ಒಂದೇ ಬಿಲ್ಲು ಎರಡು ಬಾರಿ ದಾಖಲಾಗುವ ಸಾಧ್ಯತೆ ಇರುತ್ತದೆ. ತಡೆ ಇದ್ದರೆ ಮೊದಲನೆಯ ದಾಖಲೆಯೂ ಅಡ್ಡಗಟ್ಟಿ ನಿಲ್ಲಬಹುದು. ಆದ್ದರಿಂದ ಯಾವ ಬ್ರೌಸರೇ ಇರಲಿ, ಪರದೆ ಬಿಳಿಯಾದಾಗ ಎರಡನೆಯ ಬಾರಿ ಒತ್ತುವ ಮೊದಲು ಹೊರಬಂದು ಮತ್ತೆ ಒಳಹೊಕ್ಕು ಪಾವತಿಯ ಸ್ಥಿತಿಗತಿಯ ಪಟ್ಟಿಯನ್ನು ನೋಡುವುದು ಕಡ್ಡಾಯವಾಗಬೇಕು.

ಇಲ್ಲಿ ನಷ್ಟವಾಗುವುದು ಯಂತ್ರಕ್ಕಲ್ಲ. ನರೇಗಾ ಕಾಯ್ದೆಯ ಪ್ರಕಾರ ಹಾಜರಿ ಪಟ್ಟಿ ಮುಕ್ತಾಯವಾದ ದಿನದಿಂದ 15 ದಿನಗಳೊಳಗೆ ಕೂಲಿ ಸಂದಾಯವಾಗಬೇಕು. ತಡವಾದರೆ 16ನೇ ದಿನದಿಂದ ಪ್ರತಿದಿನಕ್ಕೆ ಶೇಕಡ 0.05ರಂತೆ ಪರಿಹಾರ ಸಲ್ಲಬೇಕು. ಸಾವಿರ ರೂಪಾಯಿಗೆ ದಿನಕ್ಕೆ ಐವತ್ತು ಪೈಸೆ. ಬದು ಹಾಕಿದ ಹೆಣ್ಣುಮಗಳಿಗೆ ಆ ಐವತ್ತು ಪೈಸೆಯಿಂದ ಕಿರಾಣಿ ಅಂಗಡಿಯ ಉದ್ದರಿ ತೀರುವುದಿಲ್ಲ. ನಮೂನೆ 9 ಕೇಳಿ ಬಂದ ರೈತನು ಮರುದಿನ ಬದಾಮಿಯ ಉಪನೋಂದಣಿ ಕಚೇರಿಯಲ್ಲಿ ಸರದಿ ಕಾಯ್ದಿರಿಸಿರಬಹುದು, ಬ್ಯಾಂಕಿನ ಸಾಲದ ಕಡತ ಆ ಒಂದು ಹಾಳೆಗಾಗಿ ನಿಂತಿರಬಹುದು. ನಾಳೆ ಬನ್ನಿ ಎಂಬ ಮಾತಿಗೆ ಆತನು ತೆರುವ ಬೆಲೆ ಒಂದು ದಿನದ ಕೆಲಸ ಹಾಗೂ ಬಸ್ಸಿನ ಚಾರ್ಜು. ಕಚೇರಿಯ ಯಂತ್ರದಲ್ಲಿ ಯಾರೋ ಉತ್ಸಾಹದಿಂದ ಹಾಕಿದ ಬ್ರೌಸರಿನ ಪರೀಕ್ಷೆಗೆ ಕೂಲಿಕಾರನೂ ರೈತನೂ ತಮ್ಮ ಒಪ್ಪಿಗೆ ಇಲ್ಲದೆಯೇ ಒಳಗಾಗುತ್ತಾರೆ ಎಂಬುದೇ ಈ ವಿಷಯದ ತಿರುಳು.

ಮುದ್ರಣದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದು ಬ್ರೌಸರಿನ ಕೆಲಸ. ಆ ಭಾಗದಲ್ಲಿ ದೋಷವಿದ್ದರೆ ದತ್ತಾಂಶ ಸರಿಯಾಗಿದ್ದರೂ ಕಾಗದದ ಮೇಲೆ ಹೆಸರು ಒಡೆದು ಮೂಡುತ್ತದೆ. ಬಸವ್ವ ಎಂಬ ಹೆಸರಿನ ಒತ್ತು ಜಾರಿದರೆ ಬ್ಯಾಂಕಿನವರು ಆ ಕಾಗದವನ್ನು ಹಿಂದಿರುಗಿಸುತ್ತಾರೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷಾರ್ಥ ಆವೃತ್ತಿಯ ಉದ್ದೇಶವೇ ದೋಷಗಳ ವರದಿ ಪಡೆಯುವುದು. ಫೈರ್‌ಫಾಕ್ಸ್ ನೈಟ್ಲಿ ತನ್ನ ಬಳಕೆಯ ಮಾಹಿತಿಯನ್ನು ತಾನಾಗಿಯೇ ತಯಾರಕರಿಗೆ ಕಳುಹಿಸುತ್ತದೆ ಮತ್ತು ಅದನ್ನು ಬಹಿರಂಗವಾಗಿಯೇ ತಿಳಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಪರೀಕ್ಷೆಗೆ ಒಪ್ಪಿದವರೊಂದಿಗೆ ಆದ ಒಪ್ಪಂದವದು. ಆದರೆ ಬ್ರೌಸರ್ ಕುಸಿದಾಗ ಹೋಗುವ ವರದಿಯಲ್ಲಿ ಆಗ ತೆರೆದಿದ್ದ ಪುಟದ ತುಣುಕುಗಳೂ ಸೇರಿರಬಹುದು. ಆ ಪುಟದಲ್ಲಿ ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇದ್ದರೆ ಅವರ ಪರವಾಗಿ ಆ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಆಪರೇಟರ್‌ಗೆ ಇಲ್ಲ.

ಹೋಗಲಿ, ತೊಂದರೆಯಾದರೆ ಹಳೆಯದಕ್ಕೆ ಮರಳಿದರಾಯಿತು ಎನ್ನುವವರಿದ್ದಾರೆ. ಮರಳುವುದು ಅಷ್ಟು ಸುಲಭವಲ್ಲ. ಹೊಸ ಆವೃತ್ತಿಯು ತನ್ನೊಳಗಿನ ಕಡತಗಳನ್ನು, ಅಂದರೆ ಉಳಿಸಿದ ಪುಟವಿಳಾಸಗಳು, ಗುಪ್ತಪದಗಳು ಹಾಗೂ ಹೊಂದಾಣಿಕೆಗಳನ್ನು, ಹೊಸ ಕ್ರಮಕ್ಕೆ ಬದಲಾಯಿಸಿಬಿಡುತ್ತದೆ. ಹಳೆಯ ಆವೃತ್ತಿಗೆ ಅವು ಓದಲು ಬರುವುದಿಲ್ಲ. ಹಾಲು ಹೆಪ್ಪಾದ ಮೇಲೆ ಮತ್ತೆ ಹಾಲಾಗದು. 2019ರ ಫೈರ್‌ಫಾಕ್ಸ್ 67ರಿಂದ ಈಚೆಗೆ, ಹೊಸ ಆವೃತ್ತಿ ಮುಟ್ಟಿದ ಕಡತಗಳನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪುವುದೇ ಇಲ್ಲ, ಹೊಸದಾಗಿ ಆರಂಭಿಸಿರೆಂದು ಹೇಳುತ್ತದೆ. ಕ್ರೋಮಿನಲ್ಲಿ ಕ್ಯಾನರಿ ಪ್ರತ್ಯೇಕವಾಗಿ ನಿಲ್ಲುತ್ತದೆ ಎಂಬುದು ನಿಜ. ಆದರೆ ಎರಡರಲ್ಲಿಯೂ ಒಂದೇ ಗೂಗಲ್ ಖಾತೆಯಿಂದ ಒಳಹೊಕ್ಕಿದ್ದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ.

ಹೊಸ ಆವೃತ್ತಿಯಲ್ಲಿ ಸುರಕ್ಷತೆ ಹೆಚ್ಚಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ಸ್ಥಿರ ಆವೃತ್ತಿಯ ಇತ್ತೀಚಿನ ನವೀಕರಣವನ್ನು ತಪ್ಪದೆ ಪಡೆಯುವುದು ಅತ್ಯಗತ್ಯ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ಬ್ರೌಸರ್ ದೋಷಗಳ ಕುರಿತು ಮೇಲಿಂದ ಮೇಲೆ ಎಚ್ಚರಿಕೆ ಹೊರಡಿಸಿ ಹೇಳುವುದು ಇದನ್ನೇ. ಅದರಾಚೆಗಿನ ಪರೀಕ್ಷಾರ್ಥ ಆವೃತ್ತಿಗೆ ಹಾರುವುದು ಬೇರೆ ಮಾತು, ಏಕೆಂದರೆ ಅಲ್ಲಿರುವ ಹೊಸ ಸಂಕೇತಗಳನ್ನು ಇನ್ನೂ ಯಾರೂ ಪೂರ್ತಿ ಜಾಲಾಡಿರುವುದಿಲ್ಲ. ಪರೀಕ್ಷಾರ್ಥ ಆವೃತ್ತಿ ಬೇಡವೆಂಬ ಮಾತು ಹಳೆಯ ಬ್ರೌಸರಿಗೆ ಅಂಟಿಕೊಳ್ಳಲು ನೆಪವಾಗಕೂಡದು. ವಿಂಡೋಸ್ 7 ಇರುವ ಯಂತ್ರಗಳಲ್ಲಿ ಕ್ರೋಮ್ 2023ರ 109ನೇ ಆವೃತ್ತಿಗೆ ನಿಂತುಹೋಗಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂತಹ ಯಂತ್ರದಲ್ಲಿ ಡಿಜಿಟಲ್ ಸಹಿ ನಡೆಯುತ್ತಿದ್ದರೆ ಅದು ಕ್ಯಾನರಿಗಿಂತ ಕಡಿಮೆ ಅಪಾಯವೇನಲ್ಲ, ಮತ್ತು ಯಂತ್ರ ಬದಲಾವಣೆಯ ವಿಷಯವನ್ನು ಸದಸ್ಯರು ಸಭೆಯ ಮುಂದೆ ತರುವುದು ನ್ಯಾಯವಾದದ್ದು.

ಪರೀಕ್ಷಾರ್ಥ ಆವೃತ್ತಿಗಳನ್ನು ಯಾರೂ ಬಳಸಬಾರದೆಂದು ಇದರ ಅರ್ಥವಲ್ಲ. ಜಾಲತಾಣ ಕಟ್ಟುವವರು, ನಿರ್ವಹಿಸುವವರು ಅವುಗಳನ್ನು ಬಳಸಲೇಬೇಕು. ಬೀಟಾ ಹಂತದಲ್ಲಿಯೇ ಸಹಿಯ ಪುಟವನ್ನು ಪರೀಕ್ಷಿಸಿದ ತಂಡಕ್ಕೆ ಸ್ಥಿರ ಆವೃತ್ತಿ ಬಂದ ದಿನ ಗಾಬರಿ ಇರುವುದಿಲ್ಲ. ಊರಿನ ತರುಣರು ತಮ್ಮ ಸ್ವಂತ ಯಂತ್ರದಲ್ಲಿ ಬಳಸಿ ಕನ್ನಡದ ಅಕ್ಷರ ದೋಷಗಳನ್ನು ತಯಾರಕರಿಗೆ ತಿಳಿಸಿದರೆ ಅದು ಭಾಷೆಗೆ ಮಾಡಿದ ಉಪಕಾರವೇ ಸರಿ. ಡಾಂಗಲ್ ಚುಚ್ಚುವ ಯಂತ್ರದಲ್ಲಿ ಮಾತ್ರ ಅದಕ್ಕೆ ಸ್ಥಳವಿಲ್ಲ.

ಡಾಂಗಲ್ ಎಂದೊಡನೆ ಅಧ್ಯಕ್ಷರ ಹೊಣೆಯ ಮಾತು ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಕಲಮಿನ ಪ್ರಕಾರ ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸುವುದು ಸಹಿಯ ಒಡೆಯರ ಕರ್ತವ್ಯ. ಡಾಂಗಲ್ ಅನ್ನು ಆಪರೇಟರ್ ಮೇಜಿನ ಖಾನೆಯಲ್ಲಿ ಬಿಟ್ಟು, ಅದರ ಪಿನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟರೆ ಯಾವ ಬ್ರೌಸರೂ ಕಾಪಾಡಲಾರದು. ಅಧ್ಯಕ್ಷರು ಅಕ್ಷರ ಕಲಿಯದವರಾಗಿರಬಹುದು, ಮೊದಲ ಬಾರಿಗೆ ಆಯ್ಕೆಯಾದ ಹೆಣ್ಣುಮಗಳಾಗಿರಬಹುದು. ಡಾಂಗಲ್ ತಮ್ಮ ಬಳಿಯೇ ಇಟ್ಟುಕೊಳ್ಳುವುದಕ್ಕೂ, ಅದನ್ನು ಚುಚ್ಚುವ ಮೊದಲು ಈ ಬ್ರೌಸರ್ ಯಾವುದು ಎಂದು ಕೇಳುವುದಕ್ಕೂ ಓದು ಬೇಕಿಲ್ಲ.

ಉತ್ತರವನ್ನು ಪರಿಶೀಲಿಸುವುದೂ ಕಷ್ಟವಲ್ಲ. ಕ್ರೋಮಿನ ಬಲಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ, ಸಹಾಯದ ಅಡಿಯಲ್ಲಿ ಕ್ರೋಮ್ ಕುರಿತು ಎಂಬಲ್ಲಿಗೆ ಹೋದರೆ ಆವೃತ್ತಿ ಸಂಖ್ಯೆ ಕಾಣುತ್ತದೆ. ಸಂಖ್ಯೆಯ ಮುಂದೆ ಬೀಟಾ, ಡೆವ್ ಅಥವಾ ಕ್ಯಾನರಿ ಎಂಬ ಪದವಿದ್ದರೆ ಅದು ಪರೀಕ್ಷಾರ್ಥ ಆವೃತ್ತಿ. ಕ್ಯಾನರಿಯ ಚಿಹ್ನೆ ಬಣ್ಣಬಣ್ಣದ್ದಾಗಿರದೆ ಪೂರ್ತಿ ಹಳದಿಯಾಗಿರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. ಫೈರ್‌ಫಾಕ್ಸಿನಲ್ಲಿ ನೈಟ್ಲಿ ಎಂಬ ಹೆಸರೇ ಬರೆದಿರುತ್ತದೆ. ಸಾಮಾನ್ಯ ಸಭೆಯಲ್ಲಿ ಈ ಕುರಿತು ಒಂದು ಠರಾವು ಮಾಡಿಕೊಂಡರೆ ಒಳಿತು: ಸಹಿ ಹಾಗೂ ಪಾವತಿಯ ಯಂತ್ರದಲ್ಲಿ ಸ್ಥಿರ ಆವೃತ್ತಿಯ ಬ್ರೌಸರ್ ಮಾತ್ರ ಇರತಕ್ಕದ್ದು, ಹೊಸ ತಂತ್ರಾಂಶ ಹಾಕುವ ಮೊದಲು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು, ಯಂತ್ರವು ರಿಪೇರಿಯಿಂದ ಮರಳಿದ ದಿನ ಆವೃತ್ತಿಯನ್ನು ನೋಡಿ ವಹಿಯಲ್ಲಿ ಬರೆಯತಕ್ಕದ್ದು. ಒಂದು ಬ್ರೌಸರ್ ಕೈಕೊಟ್ಟ ದಿನಕ್ಕಾಗಿ ಕ್ರೋಮ್ ಜೊತೆಗೆ ಎಡ್ಜ್ ಅಥವಾ ಫೈರ್‌ಫಾಕ್ಸ್ ಇಎಸ್‌ಆರ್‌ನ ಸ್ಥಿರ ಆವೃತ್ತಿಯನ್ನೂ ಸಿದ್ಧವಾಗಿ ಇಟ್ಟಿರಬೇಕು. ಪರೀಕ್ಷಾರ್ಥ ಆವೃತ್ತಿಯನ್ನು ಹುಡುಕಿ ಹೋಗುವ ಅನಿವಾರ್ಯತೆ ಬಹುಮಟ್ಟಿಗೆ ಅಲ್ಲಿಗೇ ತಪ್ಪುತ್ತದೆ.

ಈಗಾಗಲೇ ಪರೀಕ್ಷಾರ್ಥ ಆವೃತ್ತಿ ಇರುವುದು ಕಂಡುಬಂದರೆ ಕೂಡಲೇ ಕಿತ್ತುಹಾಕಬಾರದು. ಮೊದಲು ಅದರಲ್ಲಿ ಉಳಿಸಿದ ಪುಟವಿಳಾಸಗಳನ್ನು ಕಡತವಾಗಿ ಹೊರತೆಗೆದು ಇಟ್ಟುಕೊಳ್ಳಬೇಕು. ಬಾಕಿ ಇರುವ ಸಹಿ ಮತ್ತು ಪಾವತಿಗಳ ಸ್ಥಿತಿಯನ್ನು ಬೇರೊಂದು ಸ್ಥಿರ ಬ್ರೌಸರಿನಿಂದ ನೋಡಿ ಬರೆದಿಟ್ಟುಕೊಳ್ಳಬೇಕು. ಅನಂತರ ತಯಾರಕರ ಅಧಿಕೃತ ಜಾಲತಾಣದಿಂದಲೇ ಸ್ಥಿರ ಆವೃತ್ತಿಯನ್ನು ಇಳಿಸಿ, ಪರೀಕ್ಷಾರ್ಥದ್ದನ್ನು ತೆಗೆದು, ಅದರಲ್ಲಿ ಬಳಸಿದ್ದ ಎಲ್ಲ ಗುಪ್ತಪದಗಳನ್ನು ಬದಲಾಯಿಸಬೇಕು. ನಕಲಿ ನವೀಕರಣವೆಂಬ ಸಂಶಯ ಬಂದರೆ ಅಂತರಜಾಲದ ಸಂಪರ್ಕವನ್ನು ಕಡಿದು ತಾಲೂಕು ಪಂಚಾಯತಿಗೆ ತಿಳಿಸಬೇಕು. ಹಣ ಹೋಗಿದ್ದರೆ ಕ್ಷಣವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸಹಾಯವಾಣಿಗೆ ದೂರು ಬರೆಯುವಾಗ ಜಾಲತಾಣ ತೆರೆಯುತ್ತಿಲ್ಲ ಎಂದಷ್ಟೇ ಬರೆಯದೆ ಬ್ರೌಸರಿನ ಹೆಸರು, ಆವೃತ್ತಿ ಸಂಖ್ಯೆ, ವಿಂಡೋಸ್ ಯಾವುದು, ದೋಷ ಕಂಡ ದಿನಾಂಕ ಮತ್ತು ವೇಳೆ ಹಾಗೂ ಪರದೆಯ ಚಿತ್ರವನ್ನು ಸೇರಿಸಿ ಕಳುಹಿಸಬೇಕು.